‘ಫೈಲ್ ನಾಟ್ ಫೌಂಡ್’ ಅಂದಾಕ್ಷಣ ಫೈಲ್ ಇಲ್ಲವೆಂದಲ್ಲ: ಕಮೊಡೋರ್ 64ರ ಡಿಸ್ಕ್ ದೋಷಗಳ ಅಸಲಿ ಅರ್ಥ

ಕಮೊಡೋರ್ 64ಕ್ಕೆ 1541 ಡ್ರೈವ್ ಜೋಡಿಸಿ, ಫ್ಲಾಪಿ ಹಾಕಿ, ಲೋಡ್ ಆಜ್ಞೆ ಕೊಟ್ಟಾಗ ಪರದೆಯ ಮೇಲೆ ‘?ಫೈಲ್ ನಾಟ್ ಫೌಂಡ್ ಎರರ್’ ಬಂದರೆ ಯಾರಾದರೂ ಮೊದಲು ಮಾಡುವುದು ಹೆಸರನ್ನು ಮತ್ತೊಮ್ಮೆ ಟೈಪ್ ಮಾಡುವುದು. ಬಹಳ ಸಲ ಹೆಸರಿನಲ್ಲಿ ತಪ್ಪೇ ಇರುವುದಿಲ್ಲ. ಡ್ರೈವಿನ ಬಾಗಿಲು ಹಾಕಿಲ್ಲದಿದ್ದರೂ ಇದೇ ಸಂದೇಶ, ಡಿಸ್ಕ್ ಓದುವ ಹೆಡ್ ಮೇಲೆ ಕೊಳೆ ಕೂತಿದ್ದರೂ ಇದೇ, ಫಾರ್ಮ್ಯಾಟ್ ಆಗದ ಡಿಸ್ಕ್ ಹಾಕಿದ್ದರೂ ಇದೇ. 1982ರಲ್ಲಿ ಬಂದ ಈ ಮನೆಬಳಕೆಯ ಕಂಪ್ಯೂಟರನ್ನು ಇವತ್ತು ಅಟ್ಟದಿಂದ ಇಳಿಸಿ ರಿಪೇರಿಗೆ ಕೂರುವವರು ಅರ್ಧ ದಿನ ಕಳೆದುಕೊಳ್ಳುವುದು ಇಲ್ಲೇ.

ಕಾರಣ ಯಂತ್ರದ ರಚನೆಯಲ್ಲೇ ಇದೆ. 1541 ಬರಿಯ ಡ್ರೈವ್ ಅಲ್ಲ, ಅದೇ ಇನ್ನೊಂದು ಕಂಪ್ಯೂಟರ್. ಒಳಗೆ ಸ್ವಂತದ 6502 ಪ್ರೊಸೆಸರ್, 2 ಕಿಲೋಬೈಟ್ ರ್‍ಯಾಮ್, 16 ಕಿಲೋಬೈಟ್ ಓದಲಷ್ಟೇ ಬರುವ ರಾಮ್‌ನಲ್ಲಿ ಸ್ವಂತದ ಡಾಸ್, ಅಂದರೆ ಡಿಸ್ಕ್ ನೋಡಿಕೊಳ್ಳುವ ತಂತ್ರಾಂಶ. ಡೈರೆಕ್ಟರಿ ಹುಡುಕುವುದು, ಹೆಡ್ ಸರಿಸುವುದು, ಸೆಕ್ಟರ್ ಓದುವುದು ಎಲ್ಲ ಅದರ ಕೆಲಸ. ಕಮೊಡೋರ್ 64 ಮಾಡುವುದು ಇಷ್ಟೇ: ಸೀರಿಯಲ್ ಕೇಬಲ್ ಮೂಲಕ ಫೈಲಿನ ಹೆಸರು ಕಳಿಸಿ, ಮೊದಲ ಬೈಟ್ ಬರಲೆಂದು ಕಾಯುತ್ತದೆ. ನಿಗದಿತ ಸಮಯದೊಳಗೆ ಬೈಟ್ ಬರದಿದ್ದರೆ ಒಂದು ಸ್ಟೇಟಸ್ ಬಿಟ್ ಏಳುತ್ತದೆ, ಕಂಪ್ಯೂಟರಿನ ರಾಮ್‌ನಲ್ಲಿರುವ ಲೋಡ್ ರೊಟೀನ್ ಅದನ್ನು ನೋಡಿ ‘ಫೈಲ್ ನಾಟ್ ಫೌಂಡ್’ ಎಂದು ಬರೆದುಬಿಡುತ್ತದೆ. ಬೈಟ್ ಯಾಕೆ ಬರಲಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಗೊತ್ತಿರುವುದು ಡ್ರೈವಿಗೆ. ಅದು ಕೆಂಪು ದೀಪ ಮಿಟುಕಿಸುತ್ತಾ, ಯಾರಾದರೂ ಕೇಳಲಿ ಎಂದು ತನ್ನ ಸಂದೇಶವನ್ನು ಇಟ್ಟುಕೊಂಡು ಕೂತಿರುತ್ತದೆ.

ಹಾಗಾಗಿ ಯಾವ ಸ್ಕ್ರೂಡ್ರೈವರ್ ಎತ್ತುವ ಮೊದಲೂ ಆ ಸಂದೇಶವನ್ನು ಓದಬೇಕು. ಅದಕ್ಕೆ ಡ್ರೈವಿಗೆ ಆಜ್ಞೆ ಕೊಡುವ, ಅದರ ಸಂದೇಶ ಕೇಳುವ ದಾರಿಯಾದ ಚಾನೆಲ್ 15 ಇದೆ. ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕಾದ ನಾಲ್ಕು ಸಾಲು ಇವು:

60000 ಓಪನ್ 15,8,15
60010 ಇನ್‌ಪುಟ್#15,ಎ,ಬಿ$,ಸಿ,ಡಿ
60020 ಪ್ರಿಂಟ್ ಎ;ಬಿ$;ಸಿ;ಡಿ
60030 ಕ್ಲೋಸ್ 15

ಆಮೇಲೆ ‘ರನ್ 60000’. ಸಾಲಿನ ಸಂಖ್ಯೆ ಇಷ್ಟು ದೊಡ್ಡದಿರುವುದಕ್ಕೆ ಕಾರಣವಿದೆ. ಮೆಮೊರಿಯಲ್ಲಿ ಇನ್ನೂ ಸೇವ್ ಆಗದ ಪ್ರೋಗ್ರಾಂ ಇದ್ದರೆ 10, 20 ಎಂದು ಬರೆದ ಸಾಲುಗಳು ಅದರ ಸಾಲುಗಳ ಮೇಲೆ ಕೂತು ಹಾಳುಮಾಡುತ್ತವೆ. ಇನ್‌ಪುಟ್# ಅನ್ನು ಸಾಲಿನ ಸಂಖ್ಯೆ ಇಲ್ಲದೆ ನೇರವಾಗಿ ಕೊಡಲು ಹೋದರೆ ‘ಇಲ್ಲೀಗಲ್ ಡೈರೆಕ್ಟ್’ ಎಂಬ ಇನ್ನೊಂದು ದೋಷ ಬರುತ್ತದೆ, ಅದಕ್ಕೂ ಡಿಸ್ಕಿಗೂ ಸಂಬಂಧವಿಲ್ಲ. ಬರುವ ಉತ್ತರದಲ್ಲಿ ನಾಲ್ಕು ಭಾಗ: ದೋಷದ ಸಂಖ್ಯೆ, ಸಂದೇಶ, ಟ್ರ್ಯಾಕ್ (ಡಿಸ್ಕಿನ ಮೇಲಿನ ಒಂದು ಸುತ್ತು), ಸೆಕ್ಟರ್ (ಆ ಸುತ್ತಿನ ಒಂದು ತುಂಡು, ಇದನ್ನೇ ಬ್ಲಾಕ್ ಎಂದೂ ಕರೆಯುತ್ತಾರೆ). ಒಂದು ಸಲ ಓದಿದರೆ ದೀಪದ ಮಿಟುಕು ನಿಂತು ಸಂದೇಶ ಅಳಿಸಿಹೋಗುತ್ತದೆ, ಎರಡನೇ ಸಲ ಕೇಳಿದರೆ ‘00, ಓಕೆ’ ಎನ್ನುತ್ತದೆ. ಮೊದಲ ಸಲವೇ ಕಾಗದದ ಮೇಲೆ ಬರೆದುಕೊಳ್ಳಿ.

ನಿಮ್ಮದೇ ಪ್ರೋಗ್ರಾಂ ಒಳಗೆ ಇದನ್ನು ಬಳಸುವಾಗ ಇನ್ನೊಂದು ಎಚ್ಚರಿಕೆ. ಚಾನೆಲ್ 15 ಮುಚ್ಚಿದರೆ ಡ್ರೈವ್ ತನ್ನಲ್ಲಿ ತೆರೆದಿರುವ ಉಳಿದ ಫೈಲ್‌ಗಳನ್ನೂ ಮುಚ್ಚಿಬಿಡುತ್ತದೆ, ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ. 15ನ್ನು ಎಲ್ಲಕ್ಕಿಂತ ಮೊದಲು ತೆರೆದು ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು.

ದೋಷ ಬಂದರೂ ಹೇಳದೆ ಸುಮ್ಮನಿರುವುದು ಇನ್ನೂ ಅಪಾಯ. ರೈಟ್ ಪ್ರೊಟೆಕ್ಟ್ ಚೀಟಿ ಅಂಟಿಸಿದ ಡಿಸ್ಕಿಗೆ ಸೇವ್ ಕೊಟ್ಟು ನೋಡಿ. ‘ಸೇವಿಂಗ್’ ಎಂದು ಬಂದು, ಕೆಳಗೆ ಸಭ್ಯವಾಗಿ ‘ರೆಡಿ’ ಎಂದು ನಿಲ್ಲುತ್ತದೆ. ಒಂದು ಬೈಟ್ ಕೂಡ ಬರೆದಿರುವುದಿಲ್ಲ. ಡಿಸ್ಕ್ ತುಂಬಿದ್ದರೂ ಹೀಗೆಯೇ, ಅದೇ ಹೆಸರಿನ ಫೈಲ್ ಮೊದಲೇ ಇದ್ದರೂ ಹೀಗೆಯೇ. ಆಗ ಹಳೆಯ ಫೈಲ್ ಹಾಗೇ ಉಳಿದು, ಚಾನೆಲ್ 15ರಲ್ಲಿ ‘63, ಫೈಲ್ ಎಗ್ಸಿಸ್ಟ್ಸ್’ ಮಾತ್ರ ಇರುತ್ತದೆ. ಪ್ರತಿ ಸೇವ್ ಆದ ಮೇಲೆ ದೀಪದ ಕಡೆ ಕಣ್ಣು ಹಾಯಿಸಿ, ಬರೆದದ್ದನ್ನು ಮೆಮೊರಿಯೊಂದಿಗೆ ಹೋಲಿಸುವ ‘ವೆರಿಫೈ’ ಕೊಡುವ ಅಭ್ಯಾಸ ಒಳ್ಳೆಯದು. ಹಳೆಯದರ ಮೇಲೆ ಬರೆಯಲು ಹೆಸರಿನ ಮುಂದೆ @ ಹಾಕುವ ಸೌಲಭ್ಯ ಇದೆ, ಆದರೆ 1541ರ ಡಾಸ್‌ನಲ್ಲಿ ಅದರಲ್ಲಿ ನಿಜವಾದ ಬಗ್ ಇದೆ. ಕೆಲವು ಸಂದರ್ಭಗಳಲ್ಲಿ ಬೇರೆ ಫೈಲ್‌ನ ಬ್ಲಾಕುಗಳನ್ನೇ ಕೆಡಿಸುತ್ತದೆ. ಹಳೆಯದನ್ನು ಸ್ಕ್ರ್ಯಾಚ್ ಮಾಡಿ (ಅಳಿಸಿ) ಹೊಸದಾಗಿ ಸೇವ್ ಮಾಡುವುದೇ ಕ್ಷೇಮ.

ಲೋಡ್ ನಡುವೆ ಸೆಕ್ಟರ್ ಕೆಟ್ಟರೆ ದೋಷವೇ ಕಾಣುವುದಿಲ್ಲ. ಮೊದಲ ಬೈಟ್ ಬಂದ ನಂತರ ಸಮಯ ಮೀರಿದರೆ ಲೋಡ್ ರೊಟೀನ್ ಸುಮ್ಮನೆ ಮತ್ತೆ ಕೇಳುತ್ತದೆ, ಮತ್ತೆ ಕೇಳುತ್ತದೆ. ‘ಲೋಡಿಂಗ್’ ಎಂದು ಹತ್ತು ನಿಮಿಷ ನಿಂತಿದ್ದರೆ, ಡ್ರೈವಿನ ದೀಪ ಮಿಟುಕುತ್ತಿದ್ದರೆ, ಯಂತ್ರ ಹ್ಯಾಂಗ್ ಆಗಿಲ್ಲ. ರನ್/ಸ್ಟಾಪ್ ಒತ್ತಿ, ಚಾನೆಲ್ ಓದಿ. ಪವರ್ ಆರಿಸಿದರೆ ಸಾಕ್ಷಿಯೂ ಆರಿಹೋಗುತ್ತದೆ.

ದೋಷವೇ ಅಲ್ಲದವು, ದೋಷ ಮುಚ್ಚಿಡುವವು

‘73, ಸಿಬಿಎಂ ಡಾಸ್ ವಿ2.6 1541’ ಎಂಬುದು ಡ್ರೈವ್ ಆನ್ ಆದಾಗ ಹೇಳುವ ಪರಿಚಯದ ಮಾತು. ಆನ್ ಮಾಡಿದ ತಕ್ಷಣ ಇದು ಬಂದರೆ ಕೇಬಲ್ ಸರಿಯಿದೆ, ಡ್ರೈವಿನ ಪ್ರೊಸೆಸರ್ ಓಡುತ್ತಿದೆ ಎಂದೇ ಅರ್ಥ. ಆದರೆ ಒಂದು ಲೋಡ್ ವಿಫಲವಾದ ಮೇಲೆ ಓದಿದಾಗ 73 ಬಂದರೆ ಕಿವಿ ನೆಟ್ಟಗಾಗಬೇಕು. ಕೆಲಸದ ಮಧ್ಯೆ ಡ್ರೈವ್ ತಾನೇ ರೀಸೆಟ್ ಆಗಿದೆ. ಮೋಟರ್ ತಿರುಗಲು ಶುರುವಾದಾಗ ವೋಲ್ಟೇಜ್ ಕುಸಿಯುತ್ತಿದೆಯೇ ನೋಡಿ. ಒಳಗೆ 5 ವೋಲ್ಟ್ ಮತ್ತು 12 ವೋಲ್ಟ್ ಎರಡು ಲೈನ್ ಇವೆ, ಮೋಟರ್ ಓಡುತ್ತಿರುವಾಗಲೇ ಮೀಟರ್ ಹಿಡಿದು ಅಳೆಯಬೇಕು. ಮೊದಲ ಮಾದರಿಯ 1541ರಲ್ಲಿ ಟ್ರಾನ್ಸ್‌ಫಾರ್ಮರ್ ಒಳಗೇ ಇರುತ್ತದೆ. ಮುಚ್ಚಳ ತೆಗೆದು ಅಳೆಯುವಾಗ ಮೇನ್ಸ್ ಇರುವ ಭಾಗಕ್ಕೆ ಕೈ ಹೋಗದಂತೆ ನೋಡಿಕೊಳ್ಳಿ.

‘01, ಫೈಲ್ಸ್ ಸ್ಕ್ರ್ಯಾಚ್ಡ್’ ಕೂಡ ದೋಷವಲ್ಲ. ಅಲ್ಲಿ ಟ್ರ್ಯಾಕ್ ಇರಬೇಕಾದ ಜಾಗದಲ್ಲಿ ಬರುವ ಅಂಕಿ ಎಷ್ಟು ಫೈಲ್ ಅಳಿಸಿತು ಎಂಬ ಲೆಕ್ಕ. ಅದು 0 ಆಗಿದ್ದರೆ ಏನೂ ಅಳಿದಿಲ್ಲ.

‘74, ಡ್ರೈವ್ ನಾಟ್ ರೆಡಿ’ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಡ್ರೈವ್ ಹಾಳಾಗಿದೆ ಎಂದು ಓದುವವರೇ ಹೆಚ್ಚು. ಡಿಸ್ಕಿನ ಮೊದಲ ಮಾಹಿತಿಯನ್ನೇ ಓದಲಾಗಲಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ: ಡಿಸ್ಕ್ ಇಲ್ಲ, ಬಾಗಿಲು ತೆರೆದಿದೆ, ಫಾರ್ಮ್ಯಾಟ್ ಆಗಿಲ್ಲ, ಅಥವಾ ಟ್ರ್ಯಾಕ್ 18 ಓದಲು ಬರುತ್ತಿಲ್ಲ. ಇದನ್ನು ಬಿಡಿಸಲು ಇನಿಶಿಯಲೈಸ್ ಆಜ್ಞೆ ಕೊಡಿ: ಚಾನೆಲ್ 15 ತೆರೆಯುವಾಗಲೇ ಕೊನೆಯಲ್ಲಿ ಅಲ್ಪವಿರಾಮ ಹಾಕಿ, ಉದ್ಧರಣ ಚಿಹ್ನೆಯೊಳಗೆ ಐ0 ಎಂದು ಬರೆದರೆ ಸಾಕು. ಈಗ ಚಾನೆಲ್ ಓದಿದರೆ ಸಾಮಾನ್ಯವಾಗಿ ಅಸಲಿ ಸಂಖ್ಯೆ ಸಿಗುತ್ತದೆ. ಉದಾಹರಣೆಗೆ, ಡಿಸ್ಕೇ ಇಲ್ಲದಿದ್ದರೆ ‘21, ರೀಡ್ ಎರರ್, 18, 00’. ಈ 18 ಎಲ್ಲಿಂದ ಬಂತೆಂದರೆ, ಡೈರೆಕ್ಟರಿಯೂ ಯಾವ ಬ್ಲಾಕ್ ಖಾಲಿ ಎಂಬ ನಕ್ಷೆಯೂ ಇರುವುದು 18ನೇ ಟ್ರ್ಯಾಕಿನಲ್ಲೇ. ನಕ್ಷೆ ಸೆಕ್ಟರ್ 0ರಲ್ಲಿ, ಡೈರೆಕ್ಟರಿ ಸೆಕ್ಟರ್ 1ರಿಂದ ಮುಂದಕ್ಕೆ.

ರೀಡ್ ಎರರ್ ಒಂದೇ ಅಲ್ಲ

20ರಿಂದ 27ರವರೆಗಿನ ಸಂಖ್ಯೆಗಳಲ್ಲಿ ಆರಕ್ಕೆ ಹೆಸರು ಒಂದೇ, ‘ರೀಡ್ ಎರರ್’. ಹೆಸರು ಮಾತ್ರ ಓದಿ ಸಂಖ್ಯೆ ಬಿಟ್ಟರೆ ಅರ್ಧ ಮಾಹಿತಿ ಕೈಬಿಟ್ಟಂತೆ. ಡಿಸ್ಕಿನ ಮೇಲೆ ಒಂದು ಸೆಕ್ಟರ್ ಹೀಗಿರುತ್ತದೆ: ಮೊದಲು ಆರಂಭ ತಿಳಿಸುವ ಸಿಂಕ್ ಗುರುತು, ನಂತರ ವಿಳಾಸದಂಥ ಹೆಡರ್, ಅದರಲ್ಲಿ ಟ್ರ್ಯಾಕ್, ಸೆಕ್ಟರ್, ಡಿಸ್ಕಿನ ಎರಡಕ್ಷರದ ಐಡಿ, ತಪ್ಪು ಹಿಡಿಯುವ ಲೆಕ್ಕವಾದ ಚೆಕ್‌ಸಮ್. ಸ್ವಲ್ಪ ಖಾಲಿ ಜಾಗ. ಮತ್ತೆ ಸಿಂಕ್, ಅದರ ಹಿಂದೆ 256 ಬೈಟ್ ಡೇಟಾ ಮತ್ತು ಅದರ ಚೆಕ್‌ಸಮ್. ಡ್ರೈವ್ ಈ ಸಾಲಿನಲ್ಲಿ ಎಲ್ಲಿಯವರೆಗೆ ಬಂದು ಎಡವಿತು ಎಂಬುದನ್ನು ಸಂಖ್ಯೆ ಹೇಳುತ್ತದೆ.

21 ಎಂದರೆ ಸಿಂಕ್ ಗುರುತೇ ಕಾಣಲಿಲ್ಲ. ಡಿಸ್ಕ್ ತಿರುಗುತ್ತಿಲ್ಲ, ಬೆಲ್ಟ್ ಜಾರಿದೆ, ಹೆಡ್ ಸತ್ತಿದೆ, ಡಿಸ್ಕ್ ಖಾಲಿಯಿದೆ, ಇವುಗಳಲ್ಲಿ ಒಂದು. 20 ಎಂದರೆ ಸಿಂಕ್ ಕಂಡಿತು, ಬೇಕಾದ ಹೆಡರ್ ಸಿಗಲಿಲ್ಲ. ಹೆಡ್ ಬೇರೆ ಟ್ರ್ಯಾಕಿನ ಮೇಲೋ ಎರಡರ ನಡುವೆಯೋ ನಿಂತಿರಬಹುದು. 27 ಹೆಡರ್‌ನ ಚೆಕ್‌ಸಮ್ ತಪ್ಪಿದ್ದು. 22 ಬಂದರೆ ಹೆಡರ್ ಸರಿ, ಅದರ ಹಿಂದಿನ ಡೇಟಾ ಬ್ಲಾಕ್ ಗುರುತು ಇಲ್ಲ. 23 ಬಂದರೆ ಎಲ್ಲ ಓದಿತು, ಲೆಕ್ಕ ಮಾತ್ರ ಕೂಡಲಿಲ್ಲ. ಇದು ಬಹುಪಾಲು ಡಿಸ್ಕಿನ ಮೇಲ್ಮೈಯದೇ ದೋಷ.

ಒಂದೇ ಡಿಸ್ಕ್, ಒಂದೇ ಟ್ರ್ಯಾಕ್ ಸೆಕ್ಟರಿನಲ್ಲಿ ಪ್ರತಿ ಸಲವೂ 23 ಬಂದರೆ ಡ್ರೈವ್ ಬಿಚ್ಚಬೇಡಿ, ಆ ಜಾಗ ಕೆಟ್ಟಿದೆ. ಬೇರೆ ಬೇರೆ ಡಿಸ್ಕುಗಳಲ್ಲಿ, ಬೇರೆ ಬೇರೆ ಜಾಗದಲ್ಲಿ 20, 21, 23 ಕಲೆಸಿಕೊಂಡು ಬಂದರೆ ಡಿಸ್ಕುಗಳನ್ನು ಬೈಯಬೇಡಿ, ಹೆಡ್ ನೋಡಿ. ಒಳಗಿನ ಟ್ರ್ಯಾಕುಗಳಲ್ಲಿ, ಅಂದರೆ 31ರಿಂದ 35ರ ಕಡೆ, ಮೊದಲು ತೊಂದರೆ ಕಾಣಿಸಿದರೆ ಸಿಗ್ನಲ್ ದುರ್ಬಲವಾಗಿದೆ ಎಂಬ ಗುಮಾನಿ ಬರಬೇಕು. 1541 ಹೊರಗಿನ 17 ಟ್ರ್ಯಾಕುಗಳಲ್ಲಿ ತಲಾ 21 ಸೆಕ್ಟರ್, ಮುಂದೆ 19, 18, ಕೊನೆಯ ಐದರಲ್ಲಿ 17 ಸೆಕ್ಟರ್ ಇಡುತ್ತದೆ. ಹಾಗೆ ಇಳಿಸಿದರೂ ಒಳಗಿನ ಸುತ್ತು ಚಿಕ್ಕದಾದ್ದರಿಂದ ಬಿಟ್‌ಗಳು ಒತ್ತೊತ್ತಾಗಿಯೇ ಕೂರುತ್ತವೆ, ಕೊಳೆಯಾದ ಹೆಡ್ ಮೊದಲು ಕೈಕೊಡುವುದು ಅಲ್ಲೇ.

ಹೆಡ್ ಒರೆಸಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಗಟ್ಟಿಯಾಗಿ ಸುತ್ತಿದ ಹತ್ತಿಯ ಕಡ್ಡಿ ಸಾಕು. ಕೈ ತೊಳೆಯುವ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಹೆಡ್ ಮೇಲೆ ಪೊರೆಯಾಗಿ ಉಳಿಯುತ್ತದೆ. 1541 ಒಂದೇ ಮಗ್ಗುಲು ಓದುವ ಡ್ರೈವ್. ಹೆಡ್ ಕೆಳಗಿದ್ದು, ಮೇಲಿನ ತೋಳಿನಲ್ಲಿ ಒಂದು ಪುಟ್ಟ ಒತ್ತು ಪ್ಯಾಡ್ ಡಿಸ್ಕನ್ನು ಹೆಡ್‌ಗೆ ಅದುಮುತ್ತದೆ. ತೋಳನ್ನು ಬೇಕಾದಷ್ಟು ಮಾತ್ರ ಎತ್ತಿ, ಬಗ್ಗಿಸಬೇಡಿ. ಪ್ಯಾಡ್ ಸವೆದಿದ್ದರೆ ಅಥವಾ ಕಿತ್ತುಬಂದಿದ್ದರೆ ಹೆಡ್ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ.

ಹಳೆಯ ಡಿಸ್ಕುಗಳಲ್ಲಿ ಬೂಷ್ಟು ಹಿಡಿದಿರುವುದು ಸಾಮಾನ್ಯ, ನಮ್ಮ ಕರಾವಳಿಯಂಥ ತೇವದ ಹವೆಯಲ್ಲಿ ಇಟ್ಟಿದ್ದರಂತೂ ಕೇಳುವುದೇ ಬೇಡ. ಡಿಸ್ಕಿನ ಉದ್ದ ಕಿಂಡಿಯನ್ನು ದೀಪಕ್ಕೆ ಓರೆಯಾಗಿ ಹಿಡಿದು, ಮಧ್ಯದ ರಂಧ್ರದಿಂದ ಮೆಲ್ಲಗೆ ತಿರುಗಿಸುತ್ತಾ ನೋಡಿದರೆ ಬೂದು ಚುಕ್ಕೆಗಳೋ ಮಬ್ಬು ಮಚ್ಚೆಗಳೋ ಕಾಣುತ್ತವೆ. ಅಂಥದ್ದೊಂದು ಡ್ರೈವಿನೊಳಗೆ ಹೋದರೆ ಹೆಡ್‌ಗೆ ಅಂಟಿದ ಆ ಕೊಳೆಯಿಂದ ಮುಂದೆ ಹಾಕುವ ಒಳ್ಳೆಯ ಡಿಸ್ಕೂ ‘ಕೆಟ್ಟಿದೆ’ ಎಂದು ತೋರುತ್ತದೆ, ಗೀರೂ ಬೀಳಬಹುದು. ಒಂದರ ಹಿಂದೊಂದು ಎಲ್ಲ ಡಿಸ್ಕ್ ಕೈಕೊಟ್ಟವು ಎನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇಂಥ ಒಂದೇ ಡಿಸ್ಕ್.

ಅಲೈನ್‌ಮೆಂಟ್ (ಹೆಡ್ ಟ್ರ್ಯಾಕಿನ ನೇರಕ್ಕೆ ಕೂರುವುದು) ಬಗ್ಗೆ ಎಲ್ಲರೂ ಬೇಗ ಮಾತಾಡುತ್ತಾರೆ, ಸ್ಟೆಪ್ಪರ್ ಮೋಟರಿನ ಸ್ಕ್ರೂ ಸಡಿಲಿಸಲು ಇನ್ನೂ ಬೇಗ ಹೊರಡುತ್ತಾರೆ. ಮೊದಲು ಪರೀಕ್ಷೆ ಮಾಡಿ. ಖಾಲಿ ಡಿಸ್ಕೊಂದನ್ನು ಇದೇ ಡ್ರೈವಿನಲ್ಲಿ ಪೂರ್ತಿ ಫಾರ್ಮ್ಯಾಟ್ ಮಾಡಿ ಒಂದು ಫೈಲ್ ಸೇವ್ ಮಾಡಿ, ಓದಿಸಿ. ತಾನು ಬರೆದದ್ದನ್ನು ತಾನು ಚೆನ್ನಾಗಿ ಓದಿ, ಬೇರೆ ಡ್ರೈವಿನಲ್ಲಿ ಬರೆದ ಡಿಸ್ಕುಗಳನ್ನು ಮಾತ್ರ ಓದದಿದ್ದರೆ ಅಲೈನ್‌ಮೆಂಟ್ ಅಥವಾ ವೇಗ ತಪ್ಪಿದೆ. ತಾನು ಬರೆದದ್ದನ್ನೂ ಓದದಿದ್ದರೆ ಅಲೈನ್‌ಮೆಂಟ್ ಮುಟ್ಟುವ ಕಾಲ ಇನ್ನೂ ಬಂದಿಲ್ಲ. ವೇಗ ನಿಮಿಷಕ್ಕೆ 300 ಸುತ್ತು ಇರಬೇಕು. ಕೆಳಗಿನ ಚಕ್ರದ ಮೇಲೆ ಗೆರೆಗಳ ಪಟ್ಟಿ ಇರುವ ಡ್ರೈವುಗಳಲ್ಲಿ ಅದನ್ನು ಹಳೆಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ನೋಡಬಹುದು. 50 ಹರ್ಟ್ಸ್ ಮತ್ತು 60 ಹರ್ಟ್ಸ್‌ಗೆ ಬೇರೆ ಬೇರೆ ಸುತ್ತು, ಇಲ್ಲಿಯ ಕರೆಂಟಿಗೆ 50ರದ್ದು ನಿಂತಂತೆ ಕಾಣಬೇಕು. ಎಲ್ಇಡಿ ಬಲ್ಬಿನಲ್ಲಿ ಈ ಆಟ ನಡೆಯುವುದಿಲ್ಲ.

ಅಲೈನ್‌ಮೆಂಟ್ ತಪ್ಪುವುದಾದರೂ ಯಾಕೆ? ಈ ಡ್ರೈವಿನಲ್ಲಿ ಟ್ರ್ಯಾಕ್ ಮೊದಲಾಗುವ ಜಾಗ ತಿಳಿಸುವ ಸೆನ್ಸರ್ ಇಲ್ಲ. ಫಾರ್ಮ್ಯಾಟ್ ಮಾಡುವಾಗ, ಓದಲು ಬರದಾಗ, ಹೆಡ್ಡನ್ನು ತಡೆಗೆ ಹೊಡೆಸಿ ‘ಇದೇ ಆರಂಭ’ ಎಂದು ಲೆಕ್ಕ ಹಿಡಿಯುತ್ತದೆ. ಆ ಕಟಕಟ ಶಬ್ದ ಅದೇ. ಆಟಗಳ ಕಂಪನಿಗಳು ನಕಲು ತಡೆಯಲು ಡಿಸ್ಕಿನಲ್ಲಿ ಬೇಕೆಂದೇ ಕೆಟ್ಟ ಸೆಕ್ಟರ್ ಇಡುತ್ತಿದ್ದವು. ಪ್ರೋಗ್ರಾಂ ಹೋಗಿ ಆ ದೋಷ ಇದೆಯೇ ಎಂದು ನೋಡುತ್ತಿತ್ತು, ಪ್ರತಿ ಸಲವೂ ಹೆಡ್ ಹೊಡೆತ ತಿನ್ನುತ್ತಿತ್ತು. ಹಾಗಾಗಿ ಅಸಲಿ ಆಟದ ಡಿಸ್ಕ್ ಹಾಕಿದಾಗ ಒಂದೆರಡು ಸಲ ಕಟಕಟ ಎಂದು ಮತ್ತೆ ಲೋಡ್ ಮುಂದುವರಿದರೆ ಅದು ದೋಷವಲ್ಲ. ಅಂಥ ಡಿಸ್ಕನ್ನು ಡ್ರೈವ್ ಪರೀಕ್ಷೆಗೆ ಬಳಸುವುದೂ ಸರಿಯಲ್ಲ.

ಲೆಕ್ಕದ ದೋಷ, ಯಂತ್ರದ್ದಲ್ಲ

‘66, ಇಲ್ಲೀಗಲ್ ಟ್ರ್ಯಾಕ್ ಆರ್ ಸೆಕ್ಟರ್’ ಕೇಳಲು ಹೆಡ್ ಎಲ್ಲೋ ಹೋಗಿ ಸಿಕ್ಕಿಕೊಂಡಂತಿದೆ. ಹಾಗಲ್ಲ. ಪ್ರತಿ ಬ್ಲಾಕಿನ ಮೊದಲ ಎರಡು ಬೈಟ್ ಮುಂದಿನ ಬ್ಲಾಕ್ ಎಲ್ಲಿದೆ ಎಂದು ಹೇಳುತ್ತವೆ, ಡೇಟಾಗೆ ಉಳಿಯುವುದು 254. ಆ ಕೊಂಡಿ ಕೆಟ್ಟು ಇಲ್ಲದ ಟ್ರ್ಯಾಕಿನ ಸಂಖ್ಯೆ ಬಂದರೆ 66. ಯಂತ್ರ ಚೆನ್ನಾಗಿಯೇ ಓದಿದೆ, ಓದಿದ ವಿಳಾಸ ತಪ್ಪಾಗಿದೆ.

‘72, ಡಿಸ್ಕ್ ಫುಲ್’ ಬಂದಾಗ ಡೈರೆಕ್ಟರಿ ನೋಡಿ. ಹೊಸ ಡಿಸ್ಕಿನಲ್ಲಿ 664 ಬ್ಲಾಕ್ ಖಾಲಿ ಇರುತ್ತವೆ. ನೂರಾರು ಬ್ಲಾಕ್ ಉಳಿದಿದ್ದೂ 72 ಬಂದರೆ ಫೈಲ್‌ಗಳ ಸಂಖ್ಯೆ 144 ಮುಟ್ಟಿರಬೇಕು, ಡೈರೆಕ್ಟರಿಯಲ್ಲಿ ಅದಕ್ಕಿಂತ ಹೆಚ್ಚು ಹೆಸರಿಗೆ ಜಾಗವಿಲ್ಲ. ಫೈಲ್‌ನ ವಿಧದ ಮುಂದೆ ನಕ್ಷತ್ರ ಚಿಹ್ನೆ ಕಂಡರೆ ಅದು ಸರಿಯಾಗಿ ಮುಚ್ಚದೆ ಉಳಿದ ಫೈಲ್, ಓದಲು ಹೋದರೆ ‘60, ರೈಟ್ ಫೈಲ್ ಓಪನ್’ ಎನ್ನುತ್ತದೆ. ಅದನ್ನು ಸ್ಕ್ರ್ಯಾಚ್ ಮಾಡಬಾರದು, ಅರೆಬರೆ ಕೊಂಡಿ ಹಿಡಿದು ಬೇರೆ ಫೈಲ್‌ನ ಬ್ಲಾಕುಗಳನ್ನೂ ಖಾಲಿ ಎಂದು ಬರೆದೀತು. ಖಾಲಿ ಬ್ಲಾಕ್ ನಕ್ಷೆಯನ್ನು ಹೊಸದಾಗಿ ಕಟ್ಟುವ ವ್ಯಾಲಿಡೇಟ್ ಆಜ್ಞೆಯೇ ಸರಿ. ಆದರೆ ಜಿಯೋಸ್ ಎಂಬ ಆಪರೇಟಿಂಗ್ ಸಿಸ್ಟಂನ ಡಿಸ್ಕಿಗೆ, ಅಥವಾ ಬ್ಲಾಕುಗಳಿಗೆ ನೇರವಾಗಿ ಬರೆಯುವ ಪ್ರೋಗ್ರಾಂಗಳ ಡಿಸ್ಕಿಗೆ ಅದನ್ನು ಕೊಟ್ಟರೆ ಡೈರೆಕ್ಟರಿಯಲ್ಲಿ ಕೊಂಡಿ ಇಲ್ಲದ ಡೇಟಾ ಎಲ್ಲವೂ ‘ಖಾಲಿ’ಯಾಗುತ್ತದೆ.

‘29, ಡಿಸ್ಕ್ ಐಡಿ ಮಿಸ್‌ಮ್ಯಾಚ್’ ನಿಜಕ್ಕೂ ಉಪಕಾರಿ. ಡಿಸ್ಕ್ ಬದಲಾಗಿದೆ ಎಂದು ಡ್ರೈವಿಗೆ ತಿಳಿಯುವುದು ಮುಖ್ಯವಾಗಿ ಐಡಿಯಿಂದ. ಸೋಮಾರಿತನದಿಂದ ಎಲ್ಲ ಡಿಸ್ಕಿಗೂ 01 ಎಂದೇ ಐಡಿ ಕೊಟ್ಟಿದ್ದರೆ, ಹಳೆಯ ಡಿಸ್ಕಿನ ಖಾಲಿ ಬ್ಲಾಕ್ ನಕ್ಷೆಯನ್ನು ಹೊಸ ಡಿಸ್ಕಿನ ಮೇಲೆ ಬರೆದುಬಿಡುವ ಸಂಭವವಿದೆ. ಅದರ ಫಲ ವಾರಗಳ ನಂತರ 66 ಆಗಿಯೋ ಕಲಸುಮೇಲೋಗರವಾದ ಫೈಲ್ ಆಗಿಯೋ ಕಾಣುತ್ತದೆ. ಪ್ರತಿ ಡಿಸ್ಕಿಗೂ ಬೇರೆ ಐಡಿ ಕೊಡಿ. ಐಡಿ ಕೊಡದೆ ಮಾಡುವ ಚುಟುಕು ಫಾರ್ಮ್ಯಾಟ್ ಡೈರೆಕ್ಟರಿ ಮತ್ತು ನಕ್ಷೆಯನ್ನು ಮಾತ್ರ ಅಳಿಸುತ್ತದೆ, ಕೆಟ್ಟ ಸೆಕ್ಟರ್ ಇದ್ದಲ್ಲೇ ಇರುತ್ತದೆ.

‘26, ರೈಟ್ ಪ್ರೊಟೆಕ್ಟ್ ಆನ್’ ಬಂದು, ಅಂಚಿನ ಕಚ್ಚು ತೆರೆದೇ ಇದ್ದರೆ ಬೆಳಕಿನ ಸೆನ್ಸರ್ ಮೇಲೆ ಧೂಳಿದೆ. ಕಚ್ಚಿನ ಮೂಲಕ ಬೆಳಕು ದಾಟಿದರೆ ಬರೆಯಬಹುದು ಎಂದು ಡ್ರೈವಿನ ಲೆಕ್ಕ. ಪಾರದರ್ಶಕ ಟೇಪ್ ಅಂಟಿಸಿ ಡಿಸ್ಕ್ ಭದ್ರವೆಂದುಕೊಳ್ಳುವವರು ಇದನ್ನು ನೆನಪಿಡಬೇಕು. ಹೈ ಡೆನ್ಸಿಟಿ ಫ್ಲಾಪಿಗಳಂತೂ ಈ ಡ್ರೈವಿಗೆ ಒಗ್ಗುವುದಿಲ್ಲ. ಅವುಗಳ ಲೇಪಕ್ಕೆ ಹೆಚ್ಚು ಬಲದ ಕಾಂತಕ್ಷೇತ್ರ ಬೇಕು. ಫಾರ್ಮ್ಯಾಟ್ ಆದಂತೆ ಕಂಡರೂ ಬರೆದದ್ದು ನಿಲ್ಲುವುದಿಲ್ಲ. ಡಬಲ್ ಡೆನ್ಸಿಟಿ ಎಂದು ಬರೆದಿರುವುದನ್ನೇ ಕೊಳ್ಳಿ.

ಡ್ರೈವಿಗೆ ಮಾತೇ ತಲುಪದಾಗ

‘?ಡಿವೈಸ್ ನಾಟ್ ಪ್ರೆಸೆಂಟ್’ ಕಂಪ್ಯೂಟರ್ ತಾನೇ ಕಂಡು ಹೇಳುವ ದೋಷ, ಇದನ್ನು ನಂಬಬಹುದು. ಡ್ರೈವಿನ ಸಂಖ್ಯೆ 8ರ ಬದಲು 9 ಆಗಿದೆಯೇ ಮೊದಲು ನೋಡಿ. 1541-2ರಲ್ಲಿ ಹಿಂಭಾಗದ ಪುಟ್ಟ ಸ್ವಿಚ್‌ಗಳು, ಹಳೆಯದರಲ್ಲಿ ಬೋರ್ಡ್ ಮೇಲೆ ಕತ್ತರಿಸಿದ ಜಂಪರ್. ಪ್ರಿಂಟರು, ಎರಡನೇ ಡ್ರೈವು, ಫಾಸ್ಟ್ ಲೋಡರ್ ಕಾರ್ಟ್ರಿಜ್ ಎಲ್ಲ ತೆಗೆದು ಒಂದೇ ಡ್ರೈವ್ ಒಂದೇ ಕೇಬಲ್‌ನಲ್ಲಿ ಪರೀಕ್ಷಿಸಿ. ಆರು ಪಿನ್ನಿನ ಕೇಬಲ್‌ನಲ್ಲಿ 2 ಗ್ರೌಂಡ್, 3 ಅಟೆನ್ಶನ್, 4 ಕ್ಲಾಕ್, 5 ಡೇಟಾ, 6 ರೀಸೆಟ್. ಮೀಟರನ್ನು ಕಂಟಿನ್ಯುಟಿಗಿಟ್ಟು ತುದಿಯಿಂದ ತುದಿಗೆ ನೋಡಿ, ಕೇಬಲ್ ಅಲ್ಲಾಡಿಸುತ್ತಾ ನೋಡಿ.

ಕೇಬಲ್ ಸರಿಯಿದ್ದರೆ ಕಂಪ್ಯೂಟರ್ ಒಳಗಿನ ಯು2 ಎಂಬ 6526 ಚಿಪ್ ಮೇಲೆ ಸಂಶಯ. ಪವರ್ ಇರುವಾಗಲೇ ಕೇಬಲ್ ಹಾಕಿ ತೆಗೆದು ಮಾಡಿದ್ದರೆ ಸುಟ್ಟುಹೋಗುವುದು ಹೆಚ್ಚಾಗಿ ಇದು, ಇಲ್ಲವೇ ಸೀರಿಯಲ್ ಲೈನುಗಳನ್ನು ನಡೆಸುವ 7406. ಅದೇ ಜಾತಿಯ ಇನ್ನೊಂದು ಚಿಪ್ ಯು1ರಲ್ಲಿ ಕೀಲಿಮಣೆ ನೋಡಿಕೊಳ್ಳುತ್ತದೆ. ಎರಡೂ ಸಾಕೆಟ್‌ನಲ್ಲಿದ್ದರೆ ಪವರ್ ತೆಗೆದು ಅದಲುಬದಲು ಮಾಡಿ. ಡ್ರೈವ್ ಬದುಕಿ ಕೀಲಿಮಣೆ ಕೆಟ್ಟರೆ ಅಪರಾಧಿ ಸಿಕ್ಕಿತು. ಏನೂ ಬದಲಾಗದಿದ್ದರೆ ಮುಂದಿನ ಸರದಿ 7406ದ್ದು, ಕಂಪ್ಯೂಟರಿನಲ್ಲೂ ಡ್ರೈವಿನಲ್ಲೂ.

ಅಮೆರಿಕದಿಂದ ತಂದ ಡ್ರೈವಾದರೆ ಇದಕ್ಕೆಲ್ಲ ಮೊದಲು ಹಿಂಭಾಗದ ಚೀಟಿ ಓದಿ. ಅದು 120 ವೋಲ್ಟಿನದು. ಇಲ್ಲಿಯ 230ಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಬಾರದು. 60 ಹರ್ಟ್ಸ್ 50 ಆದದ್ದರಿಂದ ಡಿಸ್ಕಿನ ವೇಗ ಬದಲಾಗುವುದಿಲ್ಲ, ಮೋಟರ್ ಓಡುವುದು ಒಳಗಿನ 12 ವೋಲ್ಟ್ ಡಿಸಿಯಲ್ಲಿ.